ಮೀನಿನ ಅಚ್ಚು ಹಾಕುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ಉಡುಪಿ, ಮಲ್ಪೆ ಕಡೆಯ ಮಕ್ಕಳ ಜೊತೆ ಕೂತು ಮೀನಿನ ಅಚ್ಚು ಹಾಕುತ್ತಿದ್ದೇನೆ. ಆಗೊಮ್ಮೆ ಈಗೊಮ್ಮೆ ಮಂಗಳೂರಿಗೂ ಹೋಗುತ್ತೇನೆ. ನಿಜವಾದ ಮೀನಿಗೆ ಮಸಿ ಹಚ್ಚಿ, ಮೇಲೆ ಕಾಗದ ಇಟ್ಟು ಒತ್ತಿ ತೆಗೆಯುವ ಜಪಾನಿನ ಕಲೆ ಇದು. ನಮ್ಮ ಕಡಲಿನಲ್ಲಿ ಕಡಿಮೆಯಾಗುತ್ತಿರುವ ಜೀವಿಗಳ ಬಗ್ಗೆ ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಅಪ್ಪ ಅಮ್ಮಂದಿರು, ಟೀಚರುಗಳು, ಮೀನು ಮಾರುವ ಅಕ್ಕಂದಿರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಮನೆಯಲ್ಲೋ ಶಾಲೆಯಲ್ಲೋ ಮಾಡಿ ನೋಡುವವರಿಗೆ ಉಪಯೋಗವಾಗಲಿ ಎಂದು ಬರೆದಿಟ್ಟಿದ್ದೇನೆ.

ಇದಕ್ಕೆ ಹೆಸರೇನು? ಎಲ್ಲಿಂದ ಬಂತು?

ಗ್ಯೋತಾಕು. ಜಪಾನೀ ಭಾಷೆಯಲ್ಲಿ ಗ್ಯೋ ಅಂದರೆ ಮೀನು. ತಾಕು ಅಂದರೆ ಕಲ್ಲಿನ ಬರಹದ ಮೇಲೆ ಕಾಗದ ಹಾಕಿ ತೆಗೆಯುವ ಪಡಿಯಚ್ಚು. ಬಾರಕೂರಿನಲ್ಲಿ ಶಾಸನ ಓದುವವರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಶ್ಶಿನಿಂದ ತಟ್ಟಿ, ಮಸಿ ಹಚ್ಚಿ ಅಕ್ಷರ ಎಬ್ಬಿಸುತ್ತಾರಲ್ಲ, ಅದೇ ಕೆಲಸ. ಕಲ್ಲಿನ ಜಾಗದಲ್ಲಿ ಮೀನು ಅಷ್ಟೆ.

ಈಗ ಉಳಿದಿರುವ ಅಚ್ಚುಗಳಲ್ಲಿ ತುಂಬ ಹಳೆಯದು 1839ರದು. ಅದು ಶೋನಾಯ್ ಎಂಬ ಸಂಸ್ಥಾನದ್ದು. ಆ ಜಾಗ ಈಗ ಜಪಾನಿನ ಯಮಗಾತ ಪ್ರಾಂತದಲ್ಲಿದೆ. ಅಲ್ಲಿನ ಸಮುರಾಯ್‌ಗಳಿಗೆ ಗಾಳ ಹಾಕುವುದು ಒಂದು ಅಭ್ಯಾಸವಾಗಿತ್ತು. ಎಷ್ಟು ದೊಡ್ಡ ಮೀನು ಹಿಡಿದೆ ಎಂದು ತೋರಿಸಲು ಆಗ ಕ್ಯಾಮೆರಾ ಇರಲಿಲ್ಲ. ಮೀನನ್ನೇ ಕಾಗದಕ್ಕೆ ಒತ್ತಿದರೆ ಅದರ ಉದ್ದ, ಅಗಲ, ರೆಕ್ಕೆ, ಬಾಲ ಎಲ್ಲವೂ ಇದ್ದ ಹಾಗೇ ಉಳಿಯುತ್ತಿತ್ತು. ಹಿಡಿದವರ ಹೆಸರು, ದಿನ, ಜಾಗ ಪಕ್ಕದಲ್ಲಿ ಬರೆಯುತ್ತಿದ್ದರು. ಮೊದಲು ಇದ್ದದ್ದು ಲೆಕ್ಕ, ಕಲೆ ಆಮೇಲೆ ಬಂತು. ಆ ಲೆಕ್ಕದ ಗುಣಕ್ಕೇ ನನಗೆ ಇದು ಇಷ್ಟ.

ಒಂದು ಫೋಟೋ ತೆಗೆದರೆ ಸಾಲದಾ?

ಫೋಟೋದಲ್ಲಿ ಮೀನಿನ ಗಾತ್ರ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಬೂತಾಯಿಯೂ ಅಂಗೈಯಗಲ, ತಿಮಿಂಗಿಲವೂ ಅಂಗೈಯಗಲ. ಅಚ್ಚಿನಲ್ಲಿ ಹಾಗಲ್ಲ. ಮೀನು ಎಷ್ಟಿದೆಯೋ ಅಷ್ಟೇ. ಸ್ಕೇಲು ಇಟ್ಟು ಅಳೆಯಬಹುದು.

ಇನ್ನೊಂದು ಕಾರಣ ಇದೆ. ಅಚ್ಚು ಹಾಕಬೇಕಾದರೆ ಮೀನನ್ನು ಮುಟ್ಟಬೇಕು, ಅರ್ಧ ಗಂಟೆ ಅದರ ಮುಂದೆ ಕೂರಬೇಕು. ನಮ್ಮ ಊರಿನ ಮಕ್ಕಳು ವಾರಕ್ಕೆ ನಾಲ್ಕು ದಿನ ಮೀನು ತಿನ್ನುತ್ತಾರೆ. ಆದರೆ ಹೆಚ್ಚಿನವರು ನೋಡಿರುವುದು ಸಾರಿನಲ್ಲಿರುವ ತುಂಡನ್ನು. ಬಂಗುಡೆಯ ಬಾಲದ ಹತ್ತಿರ ಸಣ್ಣ ಸಣ್ಣ ರೆಕ್ಕೆಗಳ ಸಾಲು ಇರುವುದನ್ನು ಮೊದಲ ಸಲ ಕಂಡ ಮಗು, ಇದು ಯಾಕೆ ಎಂದು ಕೇಳಿಯೇ ಕೇಳುತ್ತದೆ. ಅಲ್ಲಿಂದ ಮಾತು ಕಡಲಿಗೆ ಹೋಗುತ್ತದೆ. ಭಾಷಣ ಮಾಡಬೇಕಾಗಿಲ್ಲ.

ಶುರು ಮಾಡುವವರಿಗೆ ಯಾವ ಮೀನು ಒಳ್ಳೆಯದು?

ನಂಗ್. ಕಣ್ಣು ಮುಚ್ಚಿ ನಂಗ್ ತಗೊಳ್ಳಿ. ಚಪ್ಪಟೆ ಮೀನು, ಮೇಜಿನ ಮೇಲೆ ಎಲೆಯ ಹಾಗೆ ಕೂರುತ್ತದೆ. ಕಾಗದ ಎಲ್ಲೂ ಸುಕ್ಕಾಗುವುದಿಲ್ಲ. ಸಣ್ಣ ಹುರುಪೆಗಳು ಒಂದೊಂದೂ ಮೂಡುತ್ತವೆ. ಹೇಗೂ ಅಡುಗೆಗೆ ಮುಂಚೆ ನಂಗಿನ ಚರ್ಮ ಸುಲಿದು ತೆಗೆಯುತ್ತೇವೆ, ಹಾಗಾಗಿ ಮಸಿಯೂ ಚರ್ಮದ ಜೊತೆಗೇ ಹೋಗುತ್ತದೆ. ಮೇಲಾಗಿ ಮಕ್ಕಳಿಗೆ ಅದರ ಕಣ್ಣಿನ ಕತೆ ಹೇಳಬಹುದು. ಎರಡು ಕಣ್ಣೂ ಒಂದೇ ಬದಿಯಲ್ಲಿ ಇರುತ್ತವಲ್ಲ, ಮರಿಯಾಗಿದ್ದಾಗ ಹಾಗಿರುವುದಿಲ್ಲ. ಬೇರೆ ಮೀನಿನಂತೆ ಆಚೆಗೊಂದು ಈಚೆಗೊಂದು ಇರುತ್ತವೆ. ಬೆಳೆಯುತ್ತಾ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ.

ಆಮೇಲೆ ಮಾಂಜಿ (ಪಾಂಫ್ರೆಟ್), ಕೆಂಬೇರಿ. ಕೆಂಬೇರಿಯ ಹುರುಪೆ ದೊಡ್ಡದು, ಅಚ್ಚು ತುಂಬ ಚಂದ ಬರುತ್ತದೆ. ಬಂಗುಡೆ ಮೈ ನುಣುಪು, ಉರುಟು. ಸ್ವಲ್ಪ ಕೈ ಪಳಗಿದ ಮೇಲೆ ಮಾಡಿ. ಬೊಂಡಾಸ್ (ಸ್ಕ್ವಿಡ್) ಕೂಡ ಆಗುತ್ತದೆ, ಆದರೆ ಅದರ ನೀರು ಒರೆಸಿ ಒರೆಸಿ ಸಾಕಾಗುತ್ತದೆ.

ಮೀನು ತಾಜಾ ಇರಬೇಕು. ಹೊಟ್ಟೆ ಮೆತ್ತಗಾದ ಮೀನು ಒತ್ತಿದಾಗ ಒಡೆದುಹೋಗುತ್ತದೆ.

ಏನೇನು ಸಾಮಾನು ಬೇಕು? ಖರ್ಚು ಜಾಸ್ತಿಯಾ?

ಜಾಸ್ತಿ ಇಲ್ಲ. ತೆಳ್ಳಗಿನ, ಗಟ್ಟಿಯಾದ ಕಾಗದ ಬೇಕು. ಜಪಾನಿನವರು ವಾಶಿ ಎಂಬ ಕೈಕಾಗದ ಬಳಸುತ್ತಾರೆ. ಅದಕ್ಕೇ ಹುಡುಕಬೇಡಿ. ಚಿತ್ರ ಬರೆಯುವ ಸಾಮಾನಿನ ಅಂಗಡಿಯಲ್ಲಿ ಸಿಗುವ ತೆಳು ಕೈಕಾಗದ ಸಾಕು. ಅಜ್ಜನ ಹಳೆಯ ಪಂಚೆ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ತೊಳೆದು ತೊಳೆದು ಮೆದುವಾದ ಹತ್ತಿ ಬಟ್ಟೆ ಮಸಿಯನ್ನು ಚೆನ್ನಾಗಿ ಹಿಡಿಯುತ್ತದೆ. ಮಸಿಗೆ ನೀರಿನಲ್ಲಿ ಕರಗುವ ಕಪ್ಪು ಬಣ್ಣ, ಒಂದು ಚಪ್ಪಟೆ ಬ್ರಶ್, ಒಂದು ಸಣ್ಣ ಬ್ರಶ್, ಹತ್ತಿ, ಕಲ್ಲುಪ್ಪು, ಹಳೆ ಪೇಪರು, ಥರ್ಮಾಕೋಲ್ ಚೂರು, ಗುಂಡುಸೂಜಿ. ಅಷ್ಟೆ.

ಅಚ್ಚು ಹಾಕುವ ಕ್ರಮ ಹೇಗೆ?

ಇದನ್ನು ನಿಧಾನವಾಗಿ ಹೇಳುತ್ತೇನೆ. ಎಡವುವುದೆಲ್ಲ ಅವಸರದಲ್ಲೇ.

ಮೊದಲು ತೊಳೆಯುವುದು. ಮೀನಿನ ಮೈಮೇಲೆ ಲೋಳೆ ಇರುತ್ತದೆ. ಅದು ಹೋಗದಿದ್ದರೆ ಮಸಿ ನಿಲ್ಲುವುದಿಲ್ಲ. ಉಪ್ಪು ಹಾಕಿ ಮೆಲ್ಲಗೆ ಉಜ್ಜಿ, ತಲೆಯಿಂದ ಬಾಲದ ಕಡೆಗೆ. ಉಲ್ಟಾ ಉಜ್ಜಿದರೆ ಹುರುಪೆ ಏಳುತ್ತದೆ. ಎರಡು ಮೂರು ನೀರಿನಲ್ಲಿ ತೊಳೆದು ಬಟ್ಟೆಯಿಂದ ಒತ್ತಿ ಒರೆಸಿ. ಕಿವಿರಿನೊಳಗೆ, ಬಾಯೊಳಗೆ, ಹೊಟ್ಟೆಯ ಕೆಳಗಿನ ತೂತಿಗೆ ಸ್ವಲ್ಪ ಹತ್ತಿ ತುರುಕಿ. ಈ ಒಂದು ಕೆಲಸ ಮರೆತರೆ, ಒತ್ತುವಾಗ ಅಲ್ಲಿಂದ ನೀರು ಬಂದು ಅಚ್ಚು ಹಾಳಾಗುತ್ತದೆ.

ಆಮೇಲೆ ರೆಕ್ಕೆ ಬಿಡಿಸುವುದು. ಸತ್ತ ಮೀನಿನ ರೆಕ್ಕೆ ಮೈಗೆ ಅಂಟಿರುತ್ತದೆ. ಅದರ ಕೆಳಗೆ ಥರ್ಮಾಕೋಲ್ ಚೂರು ಇಟ್ಟು, ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬಿಡಿಸಿ ಸೂಜಿ ಚುಚ್ಚಿ ಹತ್ತು ನಿಮಿಷ ಬಿಡಿ. ಒಣಗಿ ನಿಲ್ಲುತ್ತದೆ. ಮಸಿ ಹಚ್ಚುವ ಮುಂಚೆ ಸೂಜಿ ತೆಗೆಯಿರಿ.

ಮಸಿ ತೆಳುವಾಗಿರಲಿ. ಎಷ್ಟು ತೆಳು ಅಂದರೆ, ಇದು ಸಾಲದು ಅನ್ನಿಸಬೇಕು. ತಲೆಯಿಂದ ಬಾಲಕ್ಕೆ ಒಂದು ಸಲ ಎಳೆಯಿರಿ. ಆಮೇಲೆ ಅರೆಒಣ ಬ್ರಶ್ಶಿನಲ್ಲಿ ಬಾಲದಿಂದ ತಲೆಯ ಕಡೆಗೆ ಹಗುರವಾಗಿ ಸವರಿದರೆ ಹುರುಪೆಯ ಅಂಚಿಗೆ ಮಸಿ ಹತ್ತುತ್ತದೆ. ಕಣ್ಣಿಗೆ ಹಚ್ಚಬೇಡಿ. ಕಾಗದವನ್ನು ಮೇಲಿಂದ ಇಳಿಸಿ, ಒಮ್ಮೆ ತಾಗಿದ ಮೇಲೆ ಜರಗಿಸಬೇಡಿ. ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯ ಬೆರಳ ತುದಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ. ಕಾಗದದ ಮೂಲಕ ಬೆನ್ನಿನ ಎಲುಬು, ಕಿವಿರಿನ ಮುಚ್ಚಳ, ರೆಕ್ಕೆಯ ಮುಳ್ಳು ಒಂದೊಂದಾಗಿ ಕೈಗೆ ಸಿಗುತ್ತದೆ. ಮಕ್ಕಳು ಗಲಾಟೆ ನಿಲ್ಲಿಸುವುದು ಇಲ್ಲಿಯೇ. ನಾನು ಹೇಳಬೇಕಾಗುವುದಿಲ್ಲ, ತಾವಾಗಿಯೇ ಸುಮ್ಮನಾಗುತ್ತಾರೆ.

ಬಾಲದ ಕಡೆಯಿಂದ ಕಾಗದ ಎತ್ತಿ. ನೆರಳಲ್ಲಿ ಒಣಗಿಸಿ.

ಇದು ನೇರ ವಿಧಾನ. ಇನ್ನೊಂದು ಇದೆ. ಒದ್ದೆ ಕಾಗದವನ್ನು ಮೀನಿನ ಮೈಗೆ ಅಂಟಿಸಿ, ರೇಷ್ಮೆ ಸುತ್ತಿದ ಹತ್ತಿಯುಂಡೆಯಿಂದ ಕಾಗದದ ಮೇಲೆಯೇ ಬಣ್ಣ ತಟ್ಟುವುದು. ಅದು ತುಂಬ ನಾಜೂಕಿನ ಕೆಲಸ, ಗಂಟೆಗಟ್ಟಲೆ ಬೇಕು. ಮಕ್ಕಳಿಗೆ ನೇರ ವಿಧಾನವೇ ಸರಿ.

ಕಣ್ಣು ಕೊನೆಗೆ ಬರೆಯುವುದು ಯಾಕೆ?

ಕಣ್ಣು ಮೆತ್ತಗೆ, ಒದ್ದೆಯಾಗಿ ಇರುತ್ತದೆ. ಅಚ್ಚು ಸರಿಯಾಗಿ ಬರುವುದಿಲ್ಲ. ಅದಕ್ಕೇ ಜಾಗ ಬಿಟ್ಟು, ಕಾಗದ ಒಣಗಿದ ಮೇಲೆ ಸಣ್ಣ ಬ್ರಶ್ಶಿನಲ್ಲಿ ಕೈಯಾರೆ ಬರೆಯುತ್ತಾರೆ. ಒಂದು ಬಿಳಿ ಚುಕ್ಕಿ ಉಳಿಸಿದರೆ ಮೀನು ನಿಮ್ಮನ್ನೇ ನೋಡುತ್ತದೆ. ಮೂರ್ತಿಗೆ ಕಣ್ಣು ತೆರೆಸುವುದನ್ನು ಕಂಡವರಿಗೆ ಇದು ಹೊಸದಲ್ಲ ಅಲ್ವಾ.

ನನ್ನ ಅಚ್ಚು ಬರೀ ಕಪ್ಪು ಮುದ್ದೆಯಾಯಿತು.

ಮಸಿ ಜಾಸ್ತಿಯಾಗಿದೆ. ಮೀನು ಒರೆಸಿ, ಇನ್ನೊಂದು ಕಾಗದ ತಗೊಳ್ಳಿ. ಎಷ್ಟೋ ಸಲ ಎರಡನೆಯ, ಮೂರನೆಯ ಅಚ್ಚೇ ಚೆನ್ನಾಗಿ ಬರುತ್ತದೆ.

ಮಳೆಗಾಲದಲ್ಲಿ ಮಾಡಬಹುದಾ?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ನಾಡದೋಣಿಯವರು ಸಣ್ಣ ಮೋಟಾರು ಹಾಕಿ ಹೋಗಿ ತಂದ ಮೀನು ಸಿಗುತ್ತದೆ, ಆದರೆ ಅದು ಊಟಕ್ಕೇ ಸಾಲುವುದಿಲ್ಲ. ಆ ಎರಡು ತಿಂಗಳು ನಾನು ಮೀನು ಮುಟ್ಟುವುದಿಲ್ಲ. ಹಲಸಿನ ಎಲೆ, ತೇಗದ ಎಲೆ, ಕೆಸುವಿನ ಎಲೆ ಇಟ್ಟುಕೊಂಡು ಕೈ ಪಳಗಿಸುತ್ತೇವೆ. ಮೀನುಗಳು ಮೊಟ್ಟೆ ಇಡುವ ಹೊತ್ತಿನಲ್ಲಿ ಕಡಲಿಗೂ ಒಂದು ಬಿಡುವು ಬೇಕು ಎಂದು ಮಕ್ಕಳಿಗೆ ಹೇಳಲು ಆ ರಜೆ ಒಳ್ಳೆಯ ನೆಪ.

ಮಳೆಗಾಲದ ಗಾಳಿಯ ಪಸೆಗೆ ಕಾಗದ ಬೂಷ್ಟು ಹಿಡಿಯುತ್ತದೆ ಎನ್ನುವುದೂ ಇದೆ. ಒಂದು ವರ್ಷ ಮೂವತ್ತು ಅಚ್ಚುಗಳನ್ನು ಒಂದರ ಮೇಲೊಂದು ಇಟ್ಟು ಕಪಾಟಿನಲ್ಲಿ ಬಿಟ್ಟಿದ್ದೆ. ಆಗಸ್ಟಿನಲ್ಲಿ ತೆಗೆದರೆ ಎಲ್ಲ ಅಂಟಿಕೊಂಡು ಹಸಿರಾಗಿದ್ದವು. ಮಕ್ಕಳಿಗೆ ಮುಖ ತೋರಿಸುವುದು ಕಷ್ಟವಾಯಿತು. ಈಗ ನಡುನಡುವೆ ಒಣ ಪೇಪರು ಇಟ್ಟು, ಅಡುಗೆಮನೆಯ ಒಲೆ ಇರುವ ಗೋಡೆಯ ಹಿಂಬದಿಯಲ್ಲಿ ಇಡುತ್ತೇನೆ.

ಅಳಿಯುತ್ತಿರುವ ಜೀವಿಗಳ ಬಗ್ಗೆ ಹೇಳುತ್ತೀರಿ. ಹಾಗಾದರೆ ಅವುಗಳದೇ ಅಚ್ಚು ಹಾಕುತ್ತೀರಾ?

ಇಲ್ಲ. ಹಾಕಲೂಬಾರದು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯನ್ನು ಹಿಡಿಯುವುದು, ಮಾರುವುದು, ಅದರ ಒಂದು ತುಂಡನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕೂಡ ಅಪರಾಧ. ಗರಗಸ ಮೀನು, ತಿಮಿಂಗಿಲ ಶಾರ್ಕ್, ಕಡಲಾಮೆ, ಕಡಲ ಕುದುರೆ ಎಲ್ಲ ಆ ಪಟ್ಟಿಯಲ್ಲಿವೆ. ಸತ್ತೇ ಸಿಕ್ಕಿದ್ದು ಎಂಬ ಸಬೂಬು ನಡೆಯುವುದಿಲ್ಲ. ದಡದಲ್ಲಿ ಸತ್ತ ಆಮೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಮಸಿ ಹಚ್ಚಲು ಹೋಗಬೇಡಿ.

ನಾವು ಅಚ್ಚು ಹಾಕುವುದು ಮಾರ್ಕೆಟ್ಟಿನಲ್ಲಿ ದಿನಾ ಸಿಗುವ, ಆಮೇಲೆ ತಿನ್ನುವ ಮೀನಿನದು ಮಾತ್ರ. ಇಲ್ಲದ ಮೀನನ್ನು ಬೇರೆ ಥರ ತೋರಿಸುತ್ತೇವೆ. ಗರಗಸ ಮೀನಿನ ವಿಷಯ ಹೇಳುತ್ತೇನೆ ಕೇಳಿ.

2022ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿಗೆ ಸುಮಾರು 250 ಕಿಲೊ ತೂಕದ ಗರಗಸ ಮೀನು ಬಂದಿತ್ತು. ಬಲೆಗೆ ತಾನಾಗಿ ಬಿದ್ದದ್ದು. ಕ್ರೇನಿನಲ್ಲಿ ಎತ್ತುವ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ನೋಡಿದವರು ಎಷ್ಟು ದೊಡ್ಡ ಮೀನು ಎಂದರು. ಅಳಿವಿನ ಅಂಚಿನಲ್ಲಿರುವ ಮೀನು ಎಂದು ಹೇಳಿದವರು ತುಂಬ ಕಡಿಮೆ. ಆ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಯಿಂದ ಬಂದರಿಗೆ ಕಾಲು ಗಂಟೆ ದಾರಿ. ಅಷ್ಟು ಹತ್ತಿರದಲ್ಲಿ ಇಂಥ ಪ್ರಾಣಿ ಇತ್ತು ಎಂದು ಗೊತ್ತಾದದ್ದು ಅದು ಸತ್ತ ಮೇಲೆ.

ಈ ಮೀನಿಗೆ ಅದರ ಗರಗಸವೇ ಮುಳುವು. ಮೂತಿಯ ಎರಡೂ ಬದಿಗೆ ಹಲ್ಲುಗಳಿರುವ ಉದ್ದದ ಹಲಗೆ ಅದು. ಎಂಥ ಬಲೆಯಾದರೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ಮೊಟ್ಟೆ ಇಡುವ ಮೀನಲ್ಲ, ಮರಿ ಹಾಕುತ್ತದೆ, ಒಂದು ಸಲಕ್ಕೆ ಕೆಲವೇ ಕೆಲವು. ಬೂತಾಯಿಯ ಹಾಗೆ ಸಾವಿರ ಸಾವಿರ ಮೊಟ್ಟೆ ಇಟ್ಟು ಸಂಖ್ಯೆ ತುಂಬಿಸಿಕೊಳ್ಳಲು ಇದಕ್ಕೆ ಆಗುವುದಿಲ್ಲ.

ಇದನ್ನು ಮಕ್ಕಳಿಗೆ ತೋರಿಸುವುದು ಹೇಗೆ? ನಾಲ್ಕು ಹಳೆ ಪಂಚೆ ಉದ್ದಕ್ಕೆ ಹೊಲಿದೆವು. ಅದರ ಮೇಲೆ 6 ಮೀಟರಿನ ಆಕಾರ ಬರೆದೆವು. ದೊಡ್ಡ ಹಲ್ಲಿನ ಗರಗಸ ಮೀನು ಅದಕ್ಕಿಂತಲೂ ಉದ್ದ ಬೆಳೆಯುತ್ತದೆ. ಗರಗಸಕ್ಕೆ ಅಡಿಕೆ ಹಾಳೆ ಕತ್ತರಿಸಿದೆವು. ಹಾಳೆಯ ಮೈಯಲ್ಲಿ ಉದ್ದುದ್ದ ಗೀರು ಇರುತ್ತದಲ್ಲ, ಮಸಿ ಹಚ್ಚಿ ಒತ್ತಿದರೆ ಆ ಗೀರೆಲ್ಲ ಮೂಡಿ, ನಿಜವಾದ ಯಾವುದೋ ಮೂಳೆಯ ಹಾಗೆ ಕಾಣುತ್ತದೆ. ಮೈತುಂಬಾ ಮಕ್ಕಳು ತಾವು ಅಚ್ಚು ಹಾಕಿದ ನಂಗ್, ಬಂಗುಡೆ, ಮಾಂಜಿಗಳನ್ನು ಕತ್ತರಿಸಿ ಅಂಟಿಸಿದರು. ಬಟ್ಟೆಯನ್ನು ಹಾಲಿನ ನೆಲಕ್ಕೆ ಹಾಸಿದಾಗ ಐದನೇ ಕ್ಲಾಸಿನ ನಾಲ್ಕು ಹುಡುಗರು ಅದರ ಪಕ್ಕದಲ್ಲಿ ಒಬ್ಬನ ಕಾಲಿಗೆ ಇನ್ನೊಬ್ಬನ ತಲೆ ತಾಗಿಸಿ ಮಲಗಿದರು. ಆದರೂ ಮೀನು ಮುಗಿಯಲಿಲ್ಲ. ಎದ್ದ ಹುಡುಗರಲ್ಲಿ ಒಬ್ಬ ಕೇಳಿದ, "ಟೀಚರ್, ಇದು ಈಗಲೂ ನಮ್ಮ ಕಡಲಲ್ಲಿ ಇದೆಯಾ?" ಇದೆ, ಆದರೆ ತುಂಬ ಕಡಿಮೆ ಎಂದೆ.

ಕಡಲಾಮೆಗೆ ಏನು ಮಾಡುತ್ತೀರಿ?

ಆಮೆಯನ್ನಲ್ಲ, ಅದರ ಮೊಟ್ಟೆಗಳನ್ನು ಅಚ್ಚು ಹಾಕುತ್ತೇವೆ. ನಿಜವಾದ ಮೊಟ್ಟೆ ಅಲ್ಲ. ದೀಪಾವಳಿಯ ಗೋಪೂಜೆ ದಿನ ಸೇರಿನ ಬಾಯಿಗೆ ಶೇಡಿ ಹಚ್ಚಿ ದನದ ಮೈಮೇಲೆ ಉರುಟುರುಟಾಗಿ ಒತ್ತುತ್ತೇವಲ್ಲ, ಅದೇ ಕ್ರಮ. ಸಣ್ಣ ಬಾಟಲಿ ಮುಚ್ಚಳ ತಗೊಂಡು ಕಪ್ಪು ಕಾಗದದ ಮೇಲೆ ಬಿಳಿ ಬಣ್ಣದಲ್ಲಿ ನೂರು ಉರುಟು ಒತ್ತಬೇಕು. ನಮ್ಮ ಕಡಲ ತೀರಕ್ಕೆ ಬರುವ ಆಲಿವ್ ರಿಡ್ಲಿ ಆಮೆ ಒಂದು ಗೂಡಿನಲ್ಲಿ ಸುಮಾರು ಅಷ್ಟು ಮೊಟ್ಟೆ ಇಡುತ್ತದೆ. ಎಣಿಸಿ ಎಣಿಸಿ ಒತ್ತುವಾಗ ಮಕ್ಕಳಿಗೆ ನೂರು ಅಂದರೆ ಎಷ್ಟು ಎಂದು ಕೈಗೇ ಗೊತ್ತಾಗುತ್ತದೆ. ಸಾವಿರ ಮರಿಗಳಲ್ಲಿ ದೊಡ್ಡದಾಗಿ ಬೆಳೆಯುವುದು ಒಂದು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಹತ್ತು ಮಕ್ಕಳ ಹತ್ತು ಕಾಗದ ಗೋಡೆಗೆ ಅಂಟಿಸಿ, ಒಂದೇ ಒಂದು ಉರುಟಿಗೆ ಕೆಂಪು ಬಣ್ಣ ಹಾಕುತ್ತೇವೆ.

ಕುಂದಾಪುರ, ಮರವಂತೆ ಕಡೆ ಈ ಆಮೆಗಳು ಮೊಟ್ಟೆ ಇಡಲು ಬರುತ್ತವೆ. 2024ರ ಆರಂಭದಲ್ಲಿ ಮಂಗಳೂರಿನ ಸಸಿಹಿತ್ಲು ಕಡೆಯಲ್ಲೂ ಗೂಡುಗಳು ಸಿಕ್ಕಿ, ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾದರು. ಮರಿಗಳು ನೀರಿಗೆ ಹೋಗುವುದನ್ನು ನೋಡಲು ಜನ ಬಂದು ನಿಂತಿದ್ದರು. ರಾತ್ರಿ ಹೊತ್ತು ದಡದಲ್ಲಿ ದೊಡ್ಡ ಲೈಟು ಉರಿದರೆ ಆ ಮರಿಗಳು ದಾರಿ ತಪ್ಪಿ ಊರಿನ ಕಡೆಗೆ ಹೋಗುತ್ತವೆ. ರೆಸಾರ್ಟು, ಮನೆ ಇರುವವರು ಇದನ್ನು ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಹಾಗಾದರೆ ತಾಟೆ (ಶಾರ್ಕ್), ತೊರಕೆ (ರೇ ಮೀನು) ತಿನ್ನಬಾರದಾ?

ನಮ್ಮ ಮನೆಯಲ್ಲಿಯೇ ಎದ್ದ ಪ್ರಶ್ನೆ ಇದು. ಬಾಣಂತಿಗೆ ತಾಟೆ ಕೊಟ್ಟರೆ ಹಾಲು ಹೆಚ್ಚುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ನನ್ನ ಬಾಣಂತನದಲ್ಲಿ ಅಮ್ಮ ಮಾಡಿ ಕೊಟ್ಟಿದ್ದರು, ನಾನೂ ತಿಂದಿದ್ದೇನೆ. ಅಮ್ಮನ ಕಾಳಜಿಯನ್ನು ತಪ್ಪು ಎನ್ನಲು ನನ್ನಿಂದ ಆಗುವುದಿಲ್ಲ.

ಆದರೆ ವಿಷಯ ಹೀಗಿದೆ. 2021ರಲ್ಲಿ ವಿಜ್ಞಾನಿಗಳು ಲೋಕದ ಶಾರ್ಕ್, ತೊರಕೆ ಜಾತಿಗಳನ್ನೆಲ್ಲ ಲೆಕ್ಕ ಹಾಕಿದಾಗ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಜಾತಿಗಳು ಅಪಾಯದಲ್ಲಿವೆ ಎಂದು ಅಂದಾಜು ಮಾಡಿದರು. ಅವುಗಳಿಗೆ ಹತ್ತಿರದ ಗಿಟಾರ್ ಮೀನುಗಳದ್ದು ಇನ್ನೂ ಕಷ್ಟ. ದೊಡ್ಡ ಗಿಟಾರ್ ಮೀನು, ಬೆಣೆ ಮೀನುಗಳ ಎರಡು ಕುಟುಂಬಗಳಲ್ಲಿ ಪರಿಶೀಲಿಸಿದ 16 ಜಾತಿಗಳಲ್ಲಿ 15 ತೀರಾ ಅಪಾಯದಲ್ಲಿವೆ ಎಂದು 2019ರಲ್ಲಿ ಕೆಂಪು ಪಟ್ಟಿಗೆ, ಅಂದರೆ ಅಳಿವಿನ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ, ಸೇರಿಸಿದರು. ಇವೆಲ್ಲ ನಿಧಾನವಾಗಿ ಬೆಳೆದು, ತಡವಾಗಿ ಮರಿ ಹಾಕುವ ಮೀನುಗಳು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಸಣ್ಣದಾಗಿ ಕಾಣುವ ತಾಟೆಯೆಲ್ಲ ಮರಿಯಲ್ಲ. ಚಪ್ಪಟೆ ಮೂತಿಯ ಒಂದು ಜಾತಿ ಒಂದು ಮೊಳದಷ್ಟಾಗುವ ಮುಂಚೆಯೇ ಬೆಳೆದು ನಿಂತಿರುತ್ತದೆ. ಅದನ್ನೂ, ಒಂದೂವರೆ ಮೀಟರ್ ಬೆಳೆಯಬೇಕಾದ ಜಾತಿಯ ಮರಿಯನ್ನೂ ಬುಟ್ಟಿಯಲ್ಲಿ ಒಟ್ಟಿಗೇ ಇಟ್ಟಿರುತ್ತಾರೆ. ಸುತ್ತಿಗೆಯ ಹಾಗೆ ತಲೆ ಅಗಲವಾಗಿರುವ ಮರಿ, ಹೊಕ್ಕುಳ ಗಾಯ ಇನ್ನೂ ಮಾಯದ ಮರಿ ಕಂಡರೆ ನಾನು ತೆಗೆದುಕೊಳ್ಳುವುದಿಲ್ಲ. ಬಾಣಂತಿಗೆ ಬೂತಾಯಿ, ಬಂಗುಡೆ, ನುಗ್ಗೆಸೊಪ್ಪು ಇದೆ. ನನ್ನ ತಂಗಿಯ ಬಾಣಂತನದಲ್ಲಿ ಅಮ್ಮನೇ ಹಾಗೆ ಮಾಡಿದರು.

ಬೂತಾಯಿ, ಬಂಗುಡೆ ಬೇಕಾದಷ್ಟು ಇವೆ. ಅವುಗಳ ಅಚ್ಚು ಹಾಕಿ ಏನು ಉಪಯೋಗ?

ಬೇಕಾದಷ್ಟು ಇರುವುದು ಯಾವಾಗಲೂ ಇರುತ್ತದೆ ಎಂದು ಹೇಳಲಾಗದು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್ನಿನ ಆಸುಪಾಸು. ಕಡಲ ನೀರಿನ ಬಿಸಿ, ಮಳೆಯ ಏರುಪೇರು, ಮರಿ ಹಿಡಿಯುವುದು ಎಲ್ಲ ಸೇರಿ ಹಾಗಾಗುತ್ತದೆ. ಆಮೇಲೆ ಬೂತಾಯಿ ಮತ್ತೆ ಬಂತು, ಅದು ಬೇಗ ಸುಧಾರಿಸುವ ಮೀನು. ಆದರೆ ಆ ವರ್ಷಗಳಲ್ಲಿ ಬೂತಾಯಿಯ ಬೆಲೆ ಏರಿ ನಮ್ಮ ಊಟದ ತಟ್ಟೆಯಿಂದಲೇ ದೂರವಾದದ್ದು ನೆನಪಿದೆಯಲ್ಲ?

ಇಲ್ಲಿ ಅಚ್ಚಿನಿಂದ ಒಂದು ನೇರವಾದ ಕೆಲಸವಾಗುತ್ತದೆ. ಕೇರಳ ಸರಕಾರ 2015ರಲ್ಲಿ ಹಿಡಿಯಬಹುದಾದ ಮೀನಿಗೆ ಕನಿಷ್ಠ ಉದ್ದ ಇಷ್ಟು ಎಂದು ಗೊತ್ತು ಮಾಡಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಕಾಗದದ ಮೇಲೆ 14 ಸೆಂಟಿಮೀಟರಿಗೆ ಒಂದು ಗೆರೆ ಎಳೆದು, ಮಾರ್ಕೆಟ್ಟಿನಿಂದ ತಂದ ಬಂಗುಡೆಯ ಅಚ್ಚನ್ನು ಅದರ ಪಕ್ಕ ಹಾಕಿ. ಗೆರೆಯಿಂದ ಈಚೆಗೆ ಉಳಿದರೆ ಅದು ಮರಿ. ಒಂದು ಸಲ ಹಾಗೆ ನೋಡಿದ ಮಕ್ಕಳು ಮನೆಗೆ ಹೋಗಿ ಅಮ್ಮನ ಮೀನಿನ ಚೀಲಕ್ಕೆ ಸ್ಕೇಲು ಹಿಡಿದಿದ್ದಾರೆ. ತಾಯಂದಿರು ನನಗೆ ಫೋನು ಮಾಡಿ ಹೇಳಿದ್ದಾರೆ.

ಇದು ಮೀನುಗಾರರ ವಿರುದ್ಧದ ಕೆಲಸ ಅಲ್ವಾ?

ಖಂಡಿತ ಅಲ್ಲ. ಹಾಗೆ ಅನ್ನಿಸಿದರೆ ಅದು ನನ್ನ ತಪ್ಪು, ಸರಿಯಾಗಿ ಹೇಳಲಿಲ್ಲ ಎಂದರ್ಥ.

ಗರಗಸ ಮೀನನ್ನು ಬೇಕೆಂದು ಹಿಡಿಯಲು ಯಾರೂ ಹೋಗುವುದಿಲ್ಲ. ಬಲೆಗೆ ಬಿದ್ದರೆ ಬಲೆಯೇ ಹರಿದು ಲಕ್ಷದ ನಷ್ಟ. ಕಣ್ಣು ಕುಕ್ಕುವ ಲೈಟು ಹಾಕಿ ಮೀನು ಸೆಳೆಯುವುದನ್ನು, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲನ್ನು 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ನಿಷೇಧಿಸಿತು. ಇಂಥ ಮೀನುಗಾರಿಕೆ ಬೇಡ ಎಂದು ಬೀದಿಗಿಳಿದವರು ನಾಡದೋಣಿಯವರೇ. ಕಡಲು ಬರಿದಾದರೆ ಮೊದಲು ಉಪವಾಸ ಬೀಳುವುದು ಅವರು.

ಗುಜರಾತಿನ ಉದಾಹರಣೆ ನನಗೆ ದಾರಿ ತೋರಿಸಿತು. ಅಲ್ಲಿ ತಿಮಿಂಗಿಲ ಶಾರ್ಕನ್ನು ಎಣ್ಣೆಗಾಗಿ, ಮಾಂಸಕ್ಕಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಅದಕ್ಕೆ ಕಾಯ್ದೆಯ ರಕ್ಷಣೆ ಸಿಕ್ಕಿತು. ಬರೀ ಕಾಯ್ದೆಯಿಂದ ಆಗಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ನಿಜ ಗಾತ್ರದ, ಗಾಳಿ ತುಂಬಿದ ಬೊಂಬೆ ಹಿಡಿದುಕೊಂಡು ಊರೂರಿಗೆ ಹೋದರು. ಕಥೆ ಹೇಳುವ ಮೊರಾರಿ ಬಾಪು ಆ ಮೀನನ್ನು ಹೆರಿಗೆಗೆ ತವರಿಗೆ ಬಂದ ಮಗಳು ಎಂದರು. ಮನೆಗೆ ಬಂದ ಮಗಳನ್ನು ಕೊಲ್ಲುವವರು ಯಾರು? ಅಂದಿನಿಂದ ಮೀನುಗಾರರೇ ತಮ್ಮ ಬಲೆ ಕತ್ತರಿಸಿ ನೂರಾರು ಶಾರ್ಕುಗಳನ್ನು ಕಡಲಿಗೆ ಬಿಟ್ಟಿದ್ದಾರೆ. ಹರಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಪರಿಹಾರ ಇಲ್ಲದೆ ಬಲೆ ಕತ್ತರಿಸಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಮಲ್ಪೆಯಲ್ಲಿ ನನಗೆ ಮೀನು ಕೊಡುವ ಅಕ್ಕ ಮೊದಲು ನಕ್ಕಿದ್ದರು. "ಎಂತ ಮಾರಾಯ್ತಿ, ಮೀನಿಗೆ ಮಸಿ ಬಳಿಯುವುದಾ?" ಒಂದು ದಿನ ಅವರಿಗೆ ಅವರದೇ ಕೆಂಬೇರಿಯ ಅಚ್ಚು ತೋರಿಸಿದೆ. ತುಂಬ ಹೊತ್ತು ನೋಡಿದರು. ಕಿವಿರಿನ ಹಿಂದೆ ಒಂದು ಓರೆ ಗೀರು ಇತ್ತು. ನಾನು ಅದನ್ನು ಕಾಗದದ ಮಡಿಕೆ ಎಂದುಕೊಂಡಿದ್ದೆ. "ಇದು ಬಲೆಯ ನೂಲಿನ ಗುರುತು. ಪಟ್ಟೆ ಬಲೆಯ ಮೀನು ಇದು" ಎಂದು ಬೆರಳಿಟ್ಟು ತೋರಿಸಿದರು. ಈಗ ಮಕ್ಕಳ ಜೊತೆ ಕೂರುವ ದಿನ ಅವರನ್ನೂ ಕರೆಯುತ್ತೇನೆ. ಮೀನಿನ ಬಗ್ಗೆ ಹೇಳುವ ಭಾಗ ಅವರದು, ಮಸಿಯ ಭಾಗ ನನ್ನದು.

ನಾವು ಮೀನು ತಿನ್ನುವವರಲ್ಲ. ನಮ್ಮ ಮಗು ಸೇರಬಹುದಾ?

ಸೇರಬಹುದು. ಉಡುಪಿಯಲ್ಲಿ ಪ್ರತಿ ಗುಂಪಿನಲ್ಲೂ ಇಂಥ ಮಕ್ಕಳು ಇರುತ್ತಾರೆ. ನಿಜವಾದ ಮೀನಿನಿಂದ ಅಚ್ಚು ತೆಗೆದು ಮಾಡಿದ ರಬ್ಬರ್ ಮೀನುಗಳು ಸಿಗುತ್ತವೆ, ಅವುಗಳ ಹುರುಪೆ, ರೆಕ್ಕೆ ಎಲ್ಲ ಸರಿಯಾಗಿ ಮೂಡುತ್ತದೆ. ಅವರಿಗೆ ಬೇರೆ ಮೇಜು ಇಡುತ್ತೇವೆ. ಮನೆಯವರಿಗೆ ಇಷ್ಟವಿಲ್ಲದೆ ಮಗುವಿನ ಕೈಗೆ ಮೀನು ಕೊಡುವುದಿಲ್ಲ. ಕಡಲನ್ನು ಪ್ರೀತಿಸಲು ಮೀನು ತಿನ್ನಲೇಬೇಕಾಗಿಲ್ಲ. ಚಿಪ್ಪಿನ ಅಚ್ಚೂ ಚೆನ್ನಾಗಿ ಬರುತ್ತದೆ, ಮನೆಯಲ್ಲಿ ಅಡುಗೆಗೆ ತಂದ ಮರುವಾಯಿಯ ಚಿಪ್ಪು ಯಾರಾದರೂ ಕೊಟ್ಟರೆ ಸಾಕು. ಅಂಗಡಿಯಲ್ಲಿ ಮಾರುವ ದೊಡ್ಡ ಶಂಖ, ಚಿಪ್ಪು ಕೊಳ್ಳಬೇಡಿ. ಅವುಗಳಲ್ಲಿ ಹಲವು ಜಾತಿಗಳಿಗೂ ಕಾಯ್ದೆಯ ರಕ್ಷಣೆ ಇದೆ.

ಒಂದು ಕ್ಲಾಸಿಗೆ ಎಷ್ಟು ಮೀನು ಬೇಕು?

ಎಂಟು ಮಕ್ಕಳಿಗೆ ಒಂದು. ಒಂದೇ ಮೀನಿನಿಂದ ಹತ್ತು ಅಚ್ಚು ಆರಾಮವಾಗಿ ತೆಗೆಯಬಹುದು. ಒಂದು ಶಾಲೆಯವರು ನಲವತ್ತು ಮಕ್ಕಳಿಗೆ ನಲವತ್ತು ಮೀನು ತಂದು, ಕೆಲಸ ಆದ ಮೇಲೆ ಎಲ್ಲವನ್ನೂ ಗುಂಡಿಗೆ ಹಾಕಿಸಿದರು. ಅವತ್ತು ನಾನು ಬೇಸರದಿಂದ ಮನೆಗೆ ಬಂದೆ. ಅಚ್ಚು ಹಾಕಲಿಕ್ಕೆಂದೇ ಮೀನು ಕೊಳ್ಳಬೇಡಿ. ಅಡುಗೆಗೆ ತಂದ ಮೀನಿನ ಅಚ್ಚು ಹಾಕಿ.

ಅಚ್ಚಿನ ಪಕ್ಕ ಏನು ಬರೆಯಬೇಕು?

ಬರೆಯದೆ ಬಿಟ್ಟರೆ ಅರ್ಧ ಕೆಲಸ ಆದಂತೆ. ದಿನ, ಮೀನು ಸಿಕ್ಕ ಬಂದರು, ಯಾವ ಬಲೆ ಎಂದು ಗೊತ್ತಿದ್ದರೆ ಅದು, ಉದ್ದ, ತೂಕ, ಅಚ್ಚು ಹಾಕಿದವರ ಹೆಸರು. ಮೀನಿನ ಹೆಸರನ್ನು ನಿಮ್ಮ ಮನೆಯ ಭಾಷೆಯಲ್ಲೇ ಬರೆಯಿರಿ, ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಾಪುರ ಕನ್ನಡವೋ. ಒಂದೇ ಮೀನಿಗೆ ನಮ್ಮಲ್ಲಿ ನಾಲ್ಕು ಹೆಸರು. ಮೀನು ಹೋದರೆ ಆ ನಾಲ್ಕು ಹೆಸರೂ ಹೋಗುತ್ತವೆ.

ಜಪಾನಿನ ಸಂಶೋಧಕರು 2020ರಲ್ಲಿ ಒಂದು ಕೆಲಸ ಮಾಡಿದರು. ಗಾಳ ಮಾರುವ ಅಂಗಡಿಗಳಲ್ಲಿ ನೇತು ಹಾಕಿದ್ದ ಹಳೆಯ ಗ್ಯೋತಾಕುಗಳನ್ನು ಹುಡುಕಿ ಓದಿದರು. ಯಾವ ಮೀನು, ಎಲ್ಲಿ, ಯಾವ ದಿನ ಎಂದು ಅಲ್ಲೇ ಬರೆದಿತ್ತು. ಈಗ ತುಂಬ ಅಪರೂಪವಾಗಿರುವ ಮೀನುಗಳು ಮುಂಚೆ ಎಲ್ಲೆಲ್ಲಿ ಇದ್ದವು ಎಂದು ಅದರಿಂದ ತಿಳಿಯಿತು. ಅಚ್ಚು ಹಾಕಿದವರು ವಿಜ್ಞಾನಿಗಳಲ್ಲ, ಸುಮ್ನೆ ಖುಷಿಗೆ ಗಾಳ ಹಾಕಿದವರು. ದಿನ ಮತ್ತು ಜಾಗ ಬರೆದಿದ್ದರಿಂದ ಅದು ದಾಖಲೆಯಾಯಿತು. ನಮ್ಮ ಮಕ್ಕಳ ಕಾಗದಗಳನ್ನು ನಾನು ಜೋಪಾನವಾಗಿ ಇಡುವುದು ಇದೇ ಕಾರಣಕ್ಕೆ.

ಅಚ್ಚು ಹಾಕಿದ ಮೀನನ್ನು ತಿನ್ನಬಹುದಾ?

ನಂಗ್ ಆದರೆ ಬಹುದು, ಮಸಿ ವಿಷವಿಲ್ಲದ್ದು ಆಗಿರಬೇಕು ಮತ್ತು ಮೀನು ಹೊರಗೆ ಜಾಸ್ತಿ ಹೊತ್ತು ಇರಬಾರದು. ಬಣ್ಣದ ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ಜಪಾನಿನ ಸುಮಿ ಮಸಿ ಅಂದರೆ ಮರದ ಕಾಡಿಗೆ ಮತ್ತು ಅಂಟು. ಹವಾಯಿಯಲ್ಲಿ ಹೆಸರು ಮಾಡಿರುವ ಗ್ಯೋತಾಕು ಕಲಾವಿದ ನಾವೋಕಿ ಹಯಾಶಿ ತಿನ್ನುವ ಮೀನಿನ ಅಚ್ಚು ಮಾತ್ರ ಹಾಕುತ್ತಾರೆ. ನಾನೂ ಅದನ್ನೇ ಪಾಲಿಸುತ್ತೇನೆ. ಮೀನನ್ನು ಐಸಿನ ಡಬ್ಬಿಯಿಂದ ತೆಗೆದು, ಅರ್ಧ ಗಂಟೆಯೊಳಗೆ ಅಚ್ಚು ಮುಗಿಸಿ ಮತ್ತೆ ಐಸಿಗೆ ಹಾಕಿ. ಬೇರೆ ಮೀನಾದರೆ ಚರ್ಮ ಪೂರ್ತಿ ತೆಗೆದು ಬಳಸಿ. ಸಂಶಯ ಬಂದರೆ ತೆಂಗಿನ ಬುಡಕ್ಕೆ ಹಾಕಿ, ಮರಕ್ಕೆ ಗೊಬ್ಬರ.

ನಂಗಿನ ತಲೆಯ ಹತ್ತಿರ ಚಾಕುವಿನಲ್ಲಿ ಒಂದು ಗೀರು ಹಾಕಿ, ಬೆರಳಿಗೆ ಸ್ವಲ್ಪ ಉಪ್ಪು ಹಚ್ಚಿಕೊಂಡು ಚರ್ಮ ಹಿಡಿದು ಬಾಲದ ಕಡೆಗೆ ಎಳೆದರೆ ಒಂದೇ ಏಟಿಗೆ ಸುಲಿದು ಬರುತ್ತದೆ, ಮಸಿ ಸಮೇತ. ಚೆನ್ನಾಗಿ ತೊಳೆದು, ಅರಿಶಿನ ಉಪ್ಪು ಹಚ್ಚಿಟ್ಟು ಪುಳಿಮುಂಚಿ ಮಾಡಿ. ಅಚ್ಚಿನ ಕಾಗದ ಒಣಗಲು ಅಷ್ಟು ಹೊತ್ತು ಹೇಗೂ ಬೇಕು. ಊಟ ಮುಗಿಸಿ ಕೈ ತೊಳೆದುಕೊಂಡು ಬಂದು ಕಣ್ಣು ಬರೆಯಿರಿ.